ತಡಿಯಂಡಮೋಳ್ ಬೆಟ್ಟದಿಂದ ನಕ್ಷತ್ರದವರೆಗೆ ಒಂದು ತ್ರಿಕೋನ

ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್. ಎತ್ತರ 1748 ಮೀಟರ್. ಬೆಂಗಳೂರಿನ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇದೊಂದು ವೀಕೆಂಡ್ ಟ್ರೆಕ್ಕಿಂಗ್ ಜಾಗ. ಶುಕ್ರವಾರ ರಾತ್ರಿ ಬಸ್ಸು ಹತ್ತೋದು, ಬೆಳಿಗ್ಗೆ ಕಕ್ಕಬ್ಬೆಯಲ್ಲಿ ಇಳಿಯೋದು, ನಾಲ್ಕುನಾಡು ಅರಮನೆ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳೋದು, ಜಿಗಣೆಗೆ ಉಪ್ಪು ಹಾಕುತ್ತಾ ಮೇಲೆ ಹತ್ತೋದು, ಮಂಜು ಸರಿದರೆ "ಅಗೋ ಸಮುದ್ರ ಕಾಣ್ತಿದೆ" ಅನ್ನೋದು, ಇಳಿದು ಬಂದು ಪಂದಿಕರಿ ಕಡುಬು ಹೊಡೆಯೋದು. ಅಷ್ಟೇ. ನನ್ನ ಅಮ್ಮನ ತವರು ನಾಪೋಕ್ಲು ಕಡೆ. ಹಾಗಾಗಿ ಈ ಬೆಟ್ಟ ನನಗೆ ಚಿಕ್ಕಂದಿನಿಂದ ಪರಿಚಯ. ಆದರೆ ಇನ್ನೂರು ವರ್ಷಗಳ ಹಿಂದೆ ಇದೇ ಬೆಟ್ಟದ ತುದಿ ಒಂದು ದೊಡ್ಡ ಲೆಕ್ಕದ ಒಂದು ಬಿಂದುವಾಗಿತ್ತು ಅನ್ನೋದು ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಸುಮಾರು ವರ್ಷ ಆದ ಮೇಲೆ. ಆ ಲೆಕ್ಕ ಏನು, ಅದಕ್ಕೂ ಆಕಾಶಕ್ಕೂ ಏನು ಸಂಬಂಧ ಅನ್ನೋದೇ ಇವತ್ತಿನ ವಿಷಯ.

ಬರೆಯೋಕೆ ಒಂದು ನೆಪವೂ ಸಿಕ್ಕಿತು. ಪಿಯುಸಿ ಓದುತ್ತಿರುವ ನನ್ನ ಕಸಿನ್ ಒಬ್ಬಳಿಗೆ ಖಗೋಳಶಾಸ್ತ್ರಜ್ಞೆ ಆಗೋ ಆಸೆ. ಆದರೆ ತ್ರಿಕೋನಮಿತಿ ಅಂದ್ರೆ ಆಗಲ್ಲ. "ಟೆಲಿಸ್ಕೋಪಲ್ಲಿ ನೋಡೋದಕ್ಕೆ ಸೈನ್ ಥೀಟಾ ಯಾಕೆ ಬೇಕು?" ಅಂತ ಕೇಳಿದಳು. ಇಂಜಿನಿಯರಿಂಗ್ ಮುಗಿಸಿದ ನಾವೆಲ್ಲ ಸೈನ್ ಸ್ಕ್ವೇರ್ ಪ್ಲಸ್ ಕಾಸ್ ಸ್ಕ್ವೇರ್ ಈಸ್ ಈಕ್ವಲ್ ಟು ಒನ್ ಅಂತ ನಿದ್ದೆಗಣ್ಣಲ್ಲೂ ಹೇಳ್ತೀವಿ. ಆದರೆ "ಯಾಕೆ ಬೇಕು" ಅಂತ ಕೇಳಿದರೆ ಮಾತ್ರ ತಡವರಿಸ್ತೀವಿ. ಅವಳಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಬರೀತಿದೀನಿ.

ಕಥೆ ಶುರುವಾಗೋದು ಶ್ರೀರಂಗಪಟ್ಟಣದಲ್ಲಿ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಸತ್ತು ಕೋಟೆ ಕಂಪನಿಯ ಕೈಸೇರಿತಲ್ಲ, ಆ ಯುದ್ಧಕ್ಕೆ ಬಂದ ಇಂಗ್ಲಿಷ್ ಅಧಿಕಾರಿಗಳಲ್ಲಿ ವಿಲಿಯಂ ಲ್ಯಾಂಬ್ಟನ್ ಅಂತ ಒಬ್ಬನಿದ್ದ. ಯಾರ್ಕ್‌ಶೈರಿನವನು, ಆಗಲೇ ನಡುವಯಸ್ಸು ದಾಟಿದವನು, ಮಾತು ಕಡಿಮೆ, ಗಣಿತದ ಹುಚ್ಚು ಜಾಸ್ತಿ. ಯುದ್ಧದ ಸಮಯದಲ್ಲಿ ಒಂದು ರಾತ್ರಿ ಜನರಲ್ ಬೇರ್ಡ್‌ನ ಪಡೆ ಕತ್ತಲಲ್ಲಿ ದಾರಿ ತಪ್ಪಿ ನೇರ ಟಿಪ್ಪುವಿನ ಶಿಬಿರದ ಕಡೆಗೇ ಹೋಗುತ್ತಿತ್ತಂತೆ. ಲ್ಯಾಂಬ್ಟನ್ ಆಕಾಶ ನೋಡಿ, ನಕ್ಷತ್ರಗಳ ಲೆಕ್ಕದಲ್ಲಿ ನಾವು ಹೋಗುತ್ತಿರೋ ದಿಕ್ಕೇ ತಪ್ಪು ಅಂದನಂತೆ. ಜನರಲ್ ಸಾಹೇಬರು ಮೊದಲು ಒಪ್ಪಲಿಲ್ಲ. ಆಮೇಲೆ ನೋಡಿದರೆ ಲ್ಯಾಂಬ್ಟನ್ ಹೇಳಿದ್ದೇ ಸರಿ. ಪ್ರಾಜೆಕ್ಟ್ ಮೀಟಿಂಗಲ್ಲಿ ಮ್ಯಾನೇಜರ್‌ಗೆ ಇಂಥದ್ದನ್ನ ಹೇಳೋ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ ಹೇಳಿ :-)

ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯ ನಕ್ಷೆ ಬೇಕಾಯ್ತು. ಲ್ಯಾಂಬ್ಟನ್ ಇನ್ನೂ ದೊಡ್ಡದೊಂದು ಯೋಜನೆ ಮುಂದಿಟ್ಟ. ಬರೀ ಊರು, ಕೆರೆ, ರಸ್ತೆ ಗುರುತು ಹಾಕೋದಲ್ಲ. ಮದ್ರಾಸಿನ ಕರಾವಳಿಯಿಂದ ಮಂಗಳೂರಿನ ಕರಾವಳಿಯವರೆಗೆ ತ್ರಿಕೋನಗಳ ಒಂದು ಸರಪಳಿ ಹೆಣೆಯೋದು. ಹಾಗೆ ಮಾಡುತ್ತಲೇ ಭೂಮಿಯ ಆಕಾರ ಮತ್ತು ಗಾತ್ರವನ್ನೂ ಅಳೆಯೋದು. ನಕ್ಷೆ ಕಂಪನಿಗೆ ಬೇಕಾಗಿತ್ತು, ಭೂಮಿಯ ಆಕಾರ ಲ್ಯಾಂಬ್ಟನ್‌ಗೆ ಬೇಕಾಗಿತ್ತು. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿಯ ಬೆಂಬಲ ಇದ್ದಿದ್ದರಿಂದ ಯೋಜನೆ ಪಾಸಾಯ್ತು.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಒಂದೇ ಒಂದು ಸೂತ್ರ.

ಒಂದು ತ್ರಿಕೋನದ ಒಂದು ಬದಿಯ ಉದ್ದ ಗೊತ್ತಿದ್ದು, ಎರಡು ಮೂಲೆಗಳ ಕೋನ ಗೊತ್ತಿದ್ದರೆ, ಉಳಿದೆರಡು ಬದಿಗಳನ್ನು ಅಳೆಯದೆಯೇ ಹೇಳಬಹುದು. ಯಾಕಂದ್ರೆ ಯಾವುದೇ ತ್ರಿಕೋನದಲ್ಲಿ ಒಂದು ಬದಿಯನ್ನು ಅದರ ಎದುರಿನ ಕೋನದ ಸೈನ್‌ನಿಂದ ಭಾಗಿಸಿದರೆ ಮೂರು ಬದಿಗೂ ಒಂದೇ ಉತ್ತರ ಬರುತ್ತೆ. ಉದಾಹರಣೆಗೆ ಬಯಲಿನಲ್ಲಿ 10 ಕಿಲೋಮೀಟರ್ ಉದ್ದದ ಗೆರೆ ಅಳೆದಿದ್ದೀರಿ ಅಂತಿಟ್ಟುಕೊಳ್ಳಿ. ಅದರ ಎರಡು ತುದಿಗಳಿಂದ ದೂರದ ಒಂದು ಬೆಟ್ಟ ನೋಡಿದಾಗ 80 ಡಿಗ್ರಿ ಮತ್ತು 70 ಡಿಗ್ರಿ ಕೋನ ಬಂತು. ಮೂರನೇ ಕೋನ 30 ಡಿಗ್ರಿ ಆಗಲೇಬೇಕು. 10ನ್ನು ಸೈನ್ 30ರಿಂದ, ಅಂದರೆ ಅರ್ಧದಿಂದ, ಭಾಗಿಸಿದರೆ 20. ಅದನ್ನು ಸೈನ್ 80ರಿಂದ ಗುಣಿಸಿದರೆ 19.7, ಸೈನ್ 70ರಿಂದ ಗುಣಿಸಿದರೆ 18.8. ಮುಗೀತು. ಬೆಟ್ಟದವರೆಗೆ ಒಂದು ಹೆಜ್ಜೆಯನ್ನೂ ಇಡದೆ ಎರಡೂ ತುದಿಯಿಂದ ಬೆಟ್ಟಕ್ಕಿರುವ ದೂರ ಸಿಕ್ಕಿತು. ಮಜಾ ಏನಂದ್ರೆ, ಈಗ ಆ 19.7 ಕಿಲೋಮೀಟರ್ ಬದಿಯೇ ಮುಂದಿನ ತ್ರಿಕೋನಕ್ಕೆ ಅಡಿಗೆರೆ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಹಾರುತ್ತಾ ಹೋದರೆ, ಕಾಡು ನದಿ ಕಣಿವೆ ಯಾವುದನ್ನೂ ಸರಪಳಿ ಹಿಡಿದು ಅಳೆಯದೆ ಒಂದು ದೇಶವನ್ನೇ ದಾಟಬಹುದು.

ಮೊದಲನೇ ಗೆರೆ ಮಾತ್ರ ಕೈಯಲ್ಲೇ ಅಳೆಯಬೇಕು. ಲ್ಯಾಂಬ್ಟನ್ ಅದನ್ನು 1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಶುರು ಮಾಡಿದ. ಏಳೂವರೆ ಮೈಲಿ ಗೆರೆ ಅಳೆಯೋಕೆ ಮದ್ರಾಸಿನ ಬಿಸಿಲಲ್ಲಿ ವಾರಗಟ್ಟಲೆ ಹಿಡಿಯಿತು. ಅಳೆದದ್ದು ನೂರು ಅಡಿಯ ಉಕ್ಕಿನ ಸರಪಳಿಯಲ್ಲಿ. ಆ ಸರಪಳಿಯದ್ದೇ ಒಂದು ಕಥೆ. ಚೀನಾದ ಚಕ್ರವರ್ತಿಗೆ ಉಡುಗೊರೆ ಕೊಡಲು ಮೆಕಾರ್ಟ್ನಿಯ ನಿಯೋಗ ಒಯ್ದಿದ್ದ ಸಾಮಾನುಗಳಲ್ಲಿ ಅದೂ ಒಂದು. ಚಕ್ರವರ್ತಿಗೆ ಬೇಡವಾಗಿ, ಕಲ್ಕತ್ತಾಕ್ಕೆ ಬಂದು, ಅಲ್ಲಿಂದ ಲ್ಯಾಂಬ್ಟನ್ ಕೈಗೆ ಸಿಕ್ಕಿತು. ಕೋನ ಅಳೆಯುವ ದೊಡ್ಡ ಥಿಯೋಡೊಲೈಟ್ ಲಂಡನ್ನಿನ ವಿಲಿಯಂ ಕೇರಿ ಮಾಡಿದ್ದು. ತೂಕ ಸುಮಾರು ಅರ್ಧ ಟನ್! ಅದು ಹಡಗಿನಲ್ಲಿ ಬರುವಾಗ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ ಸೇರಿತು. ಇದು ವಿಜ್ಞಾನದ ಯಂತ್ರ ಅಂತ ಗೊತ್ತಾದ ಮೇಲೆ ಅಲ್ಲಿನ ಫ್ರೆಂಚ್ ಗವರ್ನರ್ ಮರ್ಯಾದೆಯಿಂದ ಮದ್ರಾಸಿಗೆ ಕಳಿಸಿಕೊಟ್ಟ. ಯುದ್ಧ ಮಾಡುತ್ತಿದ್ದ ಎರಡು ದೇಶಗಳ ನಡುವೆ ಇಂಥದ್ದೂ ನಡೀತಿತ್ತು ನೋಡಿ.

ಸರಪಳಿ ಪಶ್ಚಿಮಕ್ಕೆ ಬಂತು. ಬೆಂಗಳೂರು ತಲುಪಿದಾಗ ಲೆಕ್ಕ ಸರಿ ಇದೆಯಾ ಅಂತ ಪರೀಕ್ಷೆ ಮಾಡಬೇಕಲ್ಲ? 1804ರಲ್ಲಿ ಬೆಂಗಳೂರಿನ ಬಯಲಲ್ಲಿ ಏಳು ಮೈಲಿಗೂ ಹೆಚ್ಚು ಉದ್ದದ ಇನ್ನೊಂದು ಗೆರೆಯನ್ನು ಸರಪಳಿಯಲ್ಲೇ ಅಳೆದರು. ಮದ್ರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿ ಬಂದ ಉದ್ದಕ್ಕೂ ಸರಪಳಿಯಲ್ಲಿ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ಎಷ್ಟು ಗೊತ್ತಾ? 3.7 ಇಂಚು. ಏಳು ಮೈಲಿಗೆ ಮೂರೂ ಮುಕ್ಕಾಲು ಇಂಚೂ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನ ಗೋಡೆಗಳು ಇದಕ್ಕಿಂತ ಜಾಸ್ತಿ ವಾಲಿರುತ್ತವೆ.

ಬೆಂಗಳೂರಿನ ಗೆರೆ ಅಳೆದವನು ಲ್ಯಾಂಬ್ಟನ್‌ನ ಸಹಾಯಕ ಜಾನ್ ವಾರೆನ್. ಈ ಪುಣ್ಯಾತ್ಮನ ಕೆರಿಯರ್ ಕೇಳಿ. 1802ರಲ್ಲಿ ಕೋಲಾರದ ಚಿನ್ನದ ಬಗ್ಗೆ ವರದಿ ಮಾಡಿದ. 1804ರಲ್ಲಿ ಬೆಂಗಳೂರಿನ ಗೆರೆ ಅಳೆದ. 1805ರಲ್ಲಿ ಮದ್ರಾಸ್ ವೀಕ್ಷಣಾಲಯದ ಹೊಣೆ ಹೊತ್ತು ಖಗೋಳಶಾಸ್ತ್ರಜ್ಞನಾದ. 1825ರಲ್ಲಿ ನಮ್ಮ ಪಂಚಾಂಗಗಳ ಲೆಕ್ಕಾಚಾರದ ಬಗ್ಗೆ 'ಕಾಲಸಂಕಲಿತ' ಅಂತ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದ. ನೆಲ ಅಳೆಯೋನು ಆಕಾಶ ಅಳೆಯೋಕೆ ಹೋದ, ಹೊಸ ವಿದ್ಯೆಯೇನೂ ಕಲಿಯಬೇಕಾಗಲಿಲ್ಲ. ಎರಡಕ್ಕೂ ಒಂದೇ ಸೈನ್ ಟೇಬಲ್ಲು!

ಈಗ ಕೊಡಗಿಗೆ ಬರೋಣ. ಮೈಸೂರಿನ ಬಯಲಿಂದ ಪಶ್ಚಿಮ ಕರಾವಳಿಗೆ ಇಳಿಯಬೇಕಾದರೆ ಘಟ್ಟ ದಾಟಬೇಕು. ಬೆಟ್ಟಗಳು ಹತ್ತೋಕೆ ಕಷ್ಟ, ಆದರೆ ನೋಡೋಕೆ ಅನುಕೂಲ. ಎತ್ತರದ ತುದಿಯೊಂದರಿಂದ ಒಂದು ಕಡೆ ಮೈಸೂರಿನ ಗುಡ್ಡಗಳು, ಇನ್ನೊಂದು ಕಡೆ ಮಲಬಾರಿನ ಕರಾವಳಿ ಎರಡೂ ಕಾಣುತ್ತೆ. ಲ್ಯಾಂಬ್ಟನ್ ಆರಿಸಿಕೊಂಡ ತುದಿಗಳಲ್ಲಿ ಎರಡು ಕೊಡಗಿನವು. ಒಂದು ತಡಿಯಂಡಮೋಳ್. ಇನ್ನೊಂದು ಸುಬ್ರಹ್ಮಣ್ಯದ ಬೆಟ್ಟ, ಅಂದರೆ ನಮ್ಮ ಪುಷ್ಪಗಿರಿ. ಅಲ್ಲಿಂದ ಕಣ್ಣೂರಿನ ಉತ್ತರಕ್ಕೆ ಸಮುದ್ರಕ್ಕೆ ಚಾಚಿಕೊಂಡಿರುವ ಏಳಿಮಲೆಗೆ, ಬ್ರಿಟಿಷರ ಬಾಯಲ್ಲಿ ಮೌಂಟ್ ಡೆಲ್ಲಿಗೆ, ದೃಷ್ಟಿ ಹಾಯಿಸಿದರೆ ಪರ್ಯಾಯ ದ್ವೀಪದ ಅಗಲ ಮುಗಿಯಿತು. ತಡಿಯಂಡಮೋಳ್‌ನಿಂದ ಏಳಿಮಲೆಗೆ ನೇರ ದೂರ ಸುಮಾರು 50 ಕಿಲೋಮೀಟರ್ ಅಷ್ಟೇ.

ಆಗ ಕೊಡಗಿನಲ್ಲಿ ದೊಡ್ಡ ವೀರರಾಜೇಂದ್ರನ ಆಳ್ವಿಕೆ. ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದು ರಾಜ್ಯ ಮರಳಿ ಕಟ್ಟಿದವನು. ತಡಿಯಂಡಮೋಳ್ ಬುಡದ ನಾಲ್ಕುನಾಡು ಅರಮನೆ ಅವನು 1792ರ ಹೊತ್ತಿಗೆ ಕಟ್ಟಿಸಿದ್ದು. ಟಿಪ್ಪುವಿನ ವಿರುದ್ಧ ಕಂಪನಿಯ ಮಿತ್ರನಾಗಿದ್ದರಿಂದ ಕಂಪನಿಯ ಅಧಿಕಾರಿಗಳಿಗೆ ಕೊಡಗು ಹೊಕ್ಕುವುದು ಶತ್ರುದೇಶಕ್ಕೆ ಹೋದಂತೆ ಇರಲಿಲ್ಲ.

ಸರಪಳಿ ಕರಾವಳಿ ಮುಟ್ಟಿದಾಗ ಒಂದು ಬಾಂಬ್ ಸಿಡಿಯಿತು. ಮದ್ರಾಸಿನಿಂದ ಮಂಗಳೂರಿಗೆ ನೇರ ಅಗಲ 400 ಮೈಲಿ ಅಂತ ಆವರೆಗಿನ ನಕ್ಷೆಗಳು ಹೇಳುತ್ತಿದ್ದವು. ಲ್ಯಾಂಬ್ಟನ್ ಲೆಕ್ಕದಲ್ಲಿ ಬಂದದ್ದು 360 ಮೈಲಿ! ನಲವತ್ತು ಮೈಲಿ ನೆಲ ನಕ್ಷೆಯಲ್ಲಿತ್ತು, ಭೂಮಿ ಮೇಲೆ ಇರಲಿಲ್ಲ. ಹಳೆಯ ನಕ್ಷೆ ಮಾಡಿದವರಿಗೆ ಹೇಗಾಗಿರಬೇಡ. ಇಷ್ಟೆಲ್ಲಾ ಖರ್ಚು ಯಾಕೆ ಅಂತ ಮದ್ರಾಸಿನ ಹಣಕಾಸು ಸಮಿತಿಯ ಸದಸ್ಯರೊಬ್ಬರು ತಕರಾರು ತೆಗೆದಿದ್ದರಂತೆ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದರೆ ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕು, ಅವರೇ ಕರಕೊಂಡು ಹೋಗ್ತಾರೆ, ಅದಕ್ಕೆ ಸರ್ವೆ ಯಾಕೆ ಅಂತ ಅವರ ವಾದ. ಬಜೆಟ್ ಕತ್ತರಿಸುವವರ ತರ್ಕ ಯಾವ ಕಾಲದಲ್ಲೂ ಒಂದೇ ಕಣ್ರೀ.

ಇಷ್ಟರವರೆಗೆ ನೆಲದ ಕಥೆ ಆಯ್ತು. ಆಕಾಶ ಎಲ್ಲಿ ಬಂತು ಅಂದಿರಾ?

ಲ್ಯಾಂಬ್ಟನ್‌ಗೆ ಬೇಕಾಗಿದ್ದು ಭೂಮಿಯ ಆಕಾರ. ಅದಕ್ಕೆ ಉತ್ತರ-ದಕ್ಷಿಣವಾಗಿ ಇರುವ ಎರಡು ಜಾಗಗಳ ನಡುವಿನ ದೂರ ತ್ರಿಕೋನಗಳಿಂದ ತಿಳಿಯಬೇಕು. ಆ ಎರಡು ಜಾಗಗಳ ಅಕ್ಷಾಂಶದ ವ್ಯತ್ಯಾಸ ನಕ್ಷತ್ರಗಳಿಂದ ತಿಳಿಯಬೇಕು. ಒಂದೇ ನಕ್ಷತ್ರ ಒಂದು ಊರಲ್ಲಿ ನೆತ್ತಿಯಿಂದ ಎಷ್ಟು ದೂರದಲ್ಲಿ ದಾಟುತ್ತೆ, ಇನ್ನೊಂದು ಊರಲ್ಲಿ ಎಷ್ಟು ದೂರದಲ್ಲಿ ದಾಟುತ್ತೆ ಅನ್ನೋದನ್ನು ಜೆನಿತ್ ಸೆಕ್ಟರ್ ಅನ್ನೋ ಯಂತ್ರದಲ್ಲಿ ಅಳೆಯುತ್ತಿದ್ದ. ನೆತ್ತಿಯ ಹತ್ತಿರದ ನಕ್ಷತ್ರಗಳೇ ಯಾಕೆ ಅಂದರೆ, ಕೆಳಗಿರುವ ನಕ್ಷತ್ರಗಳ ಬೆಳಕು ಗಾಳಿಯಲ್ಲಿ ಬಾಗಿ ಮೋಸ ಮಾಡುತ್ತೆ, ನೆತ್ತಿಯಲ್ಲಿ ಆ ಮೋಸ ತೀರಾ ಕಡಿಮೆ. ಹೀಗೆ ನಕ್ಷತ್ರ ನೋಡಿದ ಜಾಗಗಳಲ್ಲಿ ಬೆಂಗಳೂರಿನ ದೊಡ್ಡಗುಂಟವೂ ಒಂದು. ಒಂದು ಡಿಗ್ರಿ ಅಕ್ಷಾಂಶಕ್ಕೆ ನಮ್ಮ ಕಡೆ ಸುಮಾರು 110.6 ಕಿಲೋಮೀಟರ್, ಧ್ರುವದ ಹತ್ತಿರ ಸುಮಾರು 111.7. ಈ ಒಂದು ಕಿಲೋಮೀಟರ್ ಚಿಲ್ಲರೆ ವ್ಯತ್ಯಾಸವೇ ಭೂಮಿ ಧ್ರುವಗಳಲ್ಲಿ ಚಪ್ಪಟೆ ಅನ್ನೋದಕ್ಕೆ ಸಾಕ್ಷಿ.

ಇನ್ನೊಂದು ಸೂಕ್ಷ್ಮ ಇದೆ. ಗುಂಡಗಿರುವ ಭೂಮಿಯ ಮೇಲೆ ಬರೆದ ತ್ರಿಕೋನದ ಮೂರು ಕೋನ ಕೂಡಿದರೆ 180 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಬರುತ್ತೆ. ಪ್ರತಿ 197 ಚದರ ಕಿಲೋಮೀಟರಿಗೆ ಒಂದು ಸೆಕೆಂಡ್, ಅಂದರೆ ಡಿಗ್ರಿಯ 3600ನೇ ಒಂದು ಭಾಗ. ಮೂರೂ ಬದಿ 50 ಕಿಲೋಮೀಟರ್ ಇರುವ ತ್ರಿಕೋನದಲ್ಲಿ ಸುಮಾರು ಐದೂವರೆ ಸೆಕೆಂಡ್ ಹೆಚ್ಚು. ನೆಲದ ಮೇಲೆ ಇದು ಸಣ್ಣ ತಿದ್ದುಪಡಿ. ಆಕಾಶದಲ್ಲಿ ಹಾಗಲ್ಲ. ಧ್ರುವ, ನೆತ್ತಿ, ಒಂದು ನಕ್ಷತ್ರ ಈ ಮೂರನ್ನೂ ಸೇರಿಸಿದರೆ ಆಕಾಶದ ಗೋಳದ ಮೇಲೆ ದೊಡ್ಡ ತ್ರಿಕೋನ ಆಗುತ್ತೆ. ಅದನ್ನು ಬಿಡಿಸೋಕೆ ಗೋಳೀಯ ತ್ರಿಕೋನಮಿತಿಯೇ ಬೇಕು. ನಿಜ ಹೇಳಬೇಕೆಂದರೆ ಇತಿಹಾಸ ನಡೆದದ್ದೂ ಹಾಗೇ. ತ್ರಿಕೋನಮಿತಿ ಹುಟ್ಟಿದ್ದೇ ಆಕಾಶದ ಲೆಕ್ಕಕ್ಕೆ, ನೆಲಕ್ಕೆ ಇಳಿದದ್ದು ಆಮೇಲೆ. ಕ್ರಿ.ಶ. 499ರಲ್ಲಿ ಆರ್ಯಭಟ ಕೊಟ್ಟ ಜ್ಯಾ ಕೋಷ್ಟಕ ಗ್ರಹಗಳ ಸ್ಥಾನ ಲೆಕ್ಕ ಹಾಕೋಕೆ. ಜ್ಯಾ ಅಂದರೆ ಬಿಲ್ಲಿನ ಹೆದೆ. ವೃತ್ತದ ಕಂಸ ಬಿಲ್ಲು, ಅದರ ಎರಡು ತುದಿ ಸೇರಿಸುವ ಗೆರೆ ಹೆದೆ. ಜ್ಯಾ, ಜೀವಾ ಆಗಿ, ಅರಬ್ಬಿಗೆ ಹೋಗಿ ಜೀಬ ಆಗಿ, ಅಲ್ಲಿ ಅದೇ ಅಕ್ಷರಗಳನ್ನು ಜೈಬ್ ಅಂತ ಓದಿ, ಲ್ಯಾಟಿನ್ನಿಗೆ ಅನುವಾದ ಆಗುವಾಗ ಸೈನಸ್ ಆಯ್ತು. ನಮ್ಮ ಹೆದೆಯೇ ಊರು ಸುತ್ತಿ ಸೈನ್ ಆಗಿ ವಾಪಸ್ ಬಂದಿದೆ. ಹೆದರೋದು ಯಾಕೆ?

ತಡಿಯಂಡಮೋಳ್ ಮೇಲೆ ನಿಂತೇ ಇನ್ನೊಂದು ಲೆಕ್ಕ ಮಾಡಬಹುದು. ಎತ್ತರದಿಂದ ನೋಡಿದಾಗ ಸಮುದ್ರದ ದಿಗಂತ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕಾಣುತ್ತೆ. 1748 ಮೀಟರ್ ಎತ್ತರದಿಂದ ಅದು ಸುಮಾರು 1.34 ಡಿಗ್ರಿ ಕೆಳಗಿರಬೇಕು. ದಿಗಂತ ಹತ್ತಿರ ಹತ್ತಿರ 150 ಕಿಲೋಮೀಟರ್ ದೂರ. ಇದರಿಂದಾಗಿ ಅಲ್ಲಿ ಸೂರ್ಯ ಮುಳುಗೋದು ಬೆಟ್ಟದ ನೇರ ಕೆಳಗೆ ಸಮುದ್ರಮಟ್ಟದಲ್ಲಿ ಮುಳುಗೋದಕ್ಕಿಂತ ಐದು ನಿಮಿಷಕ್ಕೂ ಸ್ವಲ್ಪ ತಡ. ಸಾವಿರ ವರ್ಷದ ಹಿಂದೆ ಅಲ್ ಬಿರೂನಿ ಪಂಜಾಬಿನ ನಂದನಾ ಕೋಟೆಯ ಹತ್ತಿರ ಇದೇ ಉಪಾಯದಲ್ಲಿ ಭೂಮಿಯ ತ್ರಿಜ್ಯ ಕಂಡುಹಿಡಿದ. ಬೆಟ್ಟದ ಎತ್ತರ, ದಿಗಂತದ ಕೋನ, ಒಂದು ಕೊಸೈನ್, ಮುಗೀತು. ಕ್ಯಾಲ್ಕುಲೇಟರ್ ಹಿಡಿದು 1.342 ಡಿಗ್ರಿ ಹಾಕಿದರೆ 6370 ಕಿಲೋಮೀಟರ್ ಆಸುಪಾಸು ಬರುತ್ತೆ, ಸರಿಯಾದ ಉತ್ತರ. ಆದರೆ 1.3 ಅಂತ ಹಾಕಿ ನೋಡಿ, 6800ರ ಹತ್ತಿರ ಹೋಗುತ್ತೆ. ಗಾಳಿಯಲ್ಲಿ ಬೆಳಕು ಬಾಗೋದರಿಂದ ಕೋನ ನಿಜಕ್ಕೂ 1.24 ಅಂತ ಕಂಡರೆ ಉತ್ತರ 7400 ದಾಟುತ್ತೆ. ಒಂದು ಡಿಗ್ರಿಯ ಹತ್ತನೇ ಒಂದು ಭಾಗಕ್ಕೆ ಸಾವಿರ ಕಿಲೋಮೀಟರ್ ತಪ್ಪು! ಲ್ಯಾಂಬ್ಟನ್ ಅರ್ಧ ಟನ್ನಿನ ಯಂತ್ರವನ್ನು ಬೆಟ್ಟಬೆಟ್ಟಕ್ಕೆ ಹೊರಿಸಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಈ ಹಠಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಖಗೋಳದಲ್ಲಿ ದೂರ ಅಳೆಯೋದು ಏಣಿ ಹತ್ತಿದ ಹಾಗೆ. ಕೆಳಗಿನ ಮೆಟ್ಟಿಲು ಅಲ್ಲಾಡಿದರೆ ಮೇಲಿನವೆಲ್ಲ ಅಲ್ಲಾಡುತ್ತವೆ. ಚಂದ್ರನ ದೂರ ಬೇಕಾದರೆ ಭೂಮಿಯೇ ಅಡಿಗೆರೆ. 1751-52ರಲ್ಲಿ ಲಕಾಯ್ ಆಫ್ರಿಕದ ಗುಡ್ ಹೋಪ್ ಭೂಶಿರದಲ್ಲಿ, ಲಲಾಂಡ್ ಬರ್ಲಿನ್‌ನಲ್ಲಿ ಕೂತು ಚಂದ್ರನನ್ನು ನೋಡಿದರು. ಎರಡು ಕಡೆಯಿಂದ ಚಂದ್ರನ ಜಾಗ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಬೇರೆ ಕಾಣುತ್ತೆ. ಅದೇ ಬೆಟ್ಟದ ಲೆಕ್ಕ, ಬೆಟ್ಟದ ಬದಲು ಚಂದ್ರ ಅಷ್ಟೇ. ಆದರೆ ಭೂಮಿಯ ತ್ರಿಜ್ಯ ನೂರಕ್ಕೊಂದು ತಪ್ಪಿದರೆ ಚಂದ್ರನ ದೂರವೂ ನೂರಕ್ಕೊಂದು ತಪ್ಪುತ್ತೆ. ಸೂರ್ಯನ ದೂರಕ್ಕೆ ಶುಕ್ರ ಸಂಕ್ರಮಣ ಬೇಕಾಯ್ತು, ಅಂದರೆ ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು ಬೇರೆಬೇರೆ ಜಾಗಗಳಿಂದ ನೋಡೋದು. 1874ರ ಡಿಸೆಂಬರ್ 9ರ ಸಂಕ್ರಮಣ ನಮ್ಮ ದೇಶಕ್ಕೆ ಕಂಡಿತು. ಮದ್ರಾಸ್ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದ ಚಿಂತಾಮಣಿ ರಘುನಾಥಾಚಾರಿ ಅದರ ಬಗ್ಗೆ ಜನರಿಗೆ ತಿಳಿಸಲು ಒಂದು ಚಿಕ್ಕ ಪುಸ್ತಕ ಬರೆದರು. ಅದು ಕನ್ನಡದಲ್ಲೂ ಬಂತು! ಕನ್ನಡದಲ್ಲಿ ವಿಜ್ಞಾನ ಬರೆಯೋದು ನಮ್ಮ ಕಾಲದ ಹೊಸ ಹವ್ಯಾಸ ಅಂದುಕೊಂಡವರು ಈ ಇಸವಿ ನೆನಪಿಟ್ಟುಕೊಳ್ಳಿ.

ಸೂರ್ಯನ ದೂರ, ಸುಮಾರು 15 ಕೋಟಿ ಕಿಲೋಮೀಟರ್, ಸಿಕ್ಕಿದ ಮೇಲೆ ಭೂಮಿಯ ಕಕ್ಷೆಯೇ ಮುಂದಿನ ಅಡಿಗೆರೆ. ಆರು ತಿಂಗಳ ಅಂತರದಲ್ಲಿ ನಾವು 30 ಕೋಟಿ ಕಿಲೋಮೀಟರ್ ಆಚೆ ಇರುತ್ತೇವೆ. ಆಗ ಹತ್ತಿರದ ನಕ್ಷತ್ರ ಒಂಚೂರು ಜರುಗಿದ ಹಾಗೆ ಕಾಣಬೇಕು. 1838ರಲ್ಲಿ ಬೆಸೆಲ್ 61 ಸಿಗ್ನಿ ಅನ್ನೋ ನಕ್ಷತ್ರಕ್ಕೆ ಅದನ್ನು ಅಳೆದ. ಪ್ಯಾರಲಾಕ್ಸ್ ಕೋನ ಒಂದು ಸೆಕೆಂಡಿನ ಮೂರನೇ ಒಂದು ಭಾಗದಷ್ಟೂ ಇಲ್ಲ. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು 16 ಕಿಲೋಮೀಟರ್ ದೂರದಿಂದ ನೋಡಿದ ಹಾಗೆ. ನಕ್ಷತ್ರದ ದೂರ ಸುಮಾರು 11 ಬೆಳಕಿನ ವರ್ಷ ಅಂತ ಇವತ್ತು ಗೊತ್ತು. ಈಗ ಏಣಿಯ ಕೆಳಗಿನ ಮೆಟ್ಟಿಲುಗಳಿಗೆ ರೇಡಾರ್, ಲೇಸರ್ ಬಂದಿವೆ. ಆದರೆ ನಕ್ಷತ್ರಗಳ ಮೆಟ್ಟಿಲು ಈಗಲೂ ತ್ರಿಕೋನವೇ. ಯುರೋಪಿನ ಗಾಯಾ ಉಪಗ್ರಹ 2013ರಲ್ಲಿ ಹಾರಿ 2025ರವರೆಗೆ ಮಾಡಿದ್ದೂ ಅದೇ ಕೆಲಸ, ನೂರು ಕೋಟಿಗೂ ಹೆಚ್ಚು ನಕ್ಷತ್ರಗಳಿಗೆ.

ಕೊಡಗಿನ ನೆರೆಹೊರೆಗೆ ಆಕಾಶ ನೋಡಲು ಬಂದವರ ಕಥೆ ಇನ್ನೂ ಇದೆ. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣವನ್ನು ಜಮಖಂಡಿಯಲ್ಲಿ ಕೂತು ನೋಡಿದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಇದೇ ಟ್ರಿಗ್ನಾಮೆಟ್ರಿಕಲ್ ಸರ್ವೆಯ ಅಧಿಕಾರಿ, ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ. ಸೂರ್ಯನ ಅಂಚಿನ ಜ್ವಾಲೆಗಳು ಅನಿಲ ಅಂತ ಆ ಗ್ರಹಣದಲ್ಲಿ ಕಂಡವರಲ್ಲಿ ಅವನೂ ಒಬ್ಬ. 1871ರ ಡಿಸೆಂಬರ್ 12ರ ಗ್ರಹಣಕ್ಕೆ ನಾರ್ಮನ್ ಲಾಕಿಯರ್ ಇಂಗ್ಲೆಂಡಿನಿಂದ ಬಂದು ನಮ್ಮ ಕಾಸರಗೋಡಿನ ಬೇಕಲ ಕೋಟೆಯಲ್ಲಿ ಯಂತ್ರ ಹೂಡಿದ. ಅವನ ತಂಡದ ಇನ್ನೊಂದು ಗುಂಪು ವಯನಾಡಿನ ಮಾನಂದವಾಡಿಯಲ್ಲಿತ್ತು. ಬೇಕಲಕ್ಕೂ ಮಾನಂದವಾಡಿಗೂ ಗೆರೆ ಎಳೆದು ನೋಡಿ. ಅದು ದಕ್ಷಿಣ ಕೊಡಗಿನ ಅಂಚಿನಲ್ಲೇ ಹಾದುಹೋಗುತ್ತೆ! ಆ ಬೆಳಿಗ್ಗೆ ಚಂದ್ರನ ನೆರಳು ಅಲ್ಲಿನ ಕಾಡು, ಗದ್ದೆ, ಕಾಫಿ ತೋಟಗಳ ಮೇಲೂ ಹರಿದು ಹೋಯಿತು. 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣ ಬಂದಾಗ ಕುಟ್ಟದ ಕಡೆಯ ಬಯಲಿನಲ್ಲಿ ಜನ ನೆರೆದು ಬೆಂಕಿ ಬಳೆ ನೋಡಿದ್ದು ನಿಮಗೆ ನೆನಪಿರಬಹುದು. ಚಂದ್ರ ಆವತ್ತು ಸ್ವಲ್ಪ ದೂರದಲ್ಲಿದ್ದ, ಅವನ ಕೋನ ಸೂರ್ಯನ ಕೋನದ 97 ಪರ್ಸೆಂಟ್ ಇತ್ತು. ಆ ಮೂರು ಪರ್ಸೆಂಟೇ ಬಳೆ. ನೆರಳು ಯಾವ ಊರಿಗೆ ಎಷ್ಟು ಗಂಟೆಗೆ ಬೀಳುತ್ತೆ ಅಂತ ವರ್ಷಗಳ ಮೊದಲೇ ಹೇಳಿದ್ದೂ ಅದೇ ಸೈನು ಕೊಸೈನು.

ಇನ್ನು ಕಸಿನ್ ಪ್ರಶ್ನೆಗೆ ನೇರ ಉತ್ತರ. ಮದ್ರಾಸ್ ವೀಕ್ಷಣಾಲಯ ಮುಂದೆ ಕೊಡೈಕನಾಲ್‌ಗೆ ಹೋಗಿ, ಅದರ ಪರಂಪರೆ ಇವತ್ತು ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಲ್ಲಿ ಮುಂದುವರಿದಿದೆ. ಲಡಾಖಿನ ಹಾನ್ಲೆಯಲ್ಲಿರುವ ಅವರ ಎರಡು ಮೀಟರ್ ಟೆಲಿಸ್ಕೋಪನ್ನು ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸುತ್ತಾರೆ. ಒಂದು ನಕ್ಷತ್ರದ ಕಡೆ ಅದನ್ನು ತಿರುಗಿಸಬೇಕಾದರೆ ಕ್ಯಾಟಲಾಗಿನ ಅಂಕಿಯನ್ನು ಆ ಕ್ಷಣದ ದಿಕ್ಕು ಮತ್ತು ಎತ್ತರಕ್ಕೆ ಬದಲಿಸಬೇಕು. ಅದು ಧ್ರುವ, ನೆತ್ತಿ, ನಕ್ಷತ್ರದ ಅದೇ ತ್ರಿಕೋನ. ಸಾಫ್ಟ್‌ವೇರ್ ಮಾಡುತ್ತೆ ಸರಿ, ಆದರೆ ಆ ಸಾಫ್ಟ್‌ವೇರ್ ಬರೆಯೋರೂ ಬೇಕಲ್ಲ ಸ್ವಾಮಿ :-) ಬೇರೆ ಸೂರ್ಯರ ಸುತ್ತ ತಿರುಗೋ ಗ್ರಹಗಳನ್ನು ನಕ್ಷತ್ರದ ತೂಗಾಟದಿಂದ ಹುಡುಕುವವರಿಗೆ ಸಿಗೋದು ಗ್ರಹದ ರಾಶಿ ಅಲ್ಲ, ರಾಶಿ ಮತ್ತು ಕಕ್ಷೆಯ ವಾಲಿಕೆಯ ಸೈನ್ ಇವೆರಡರ ಗುಣಲಬ್ಧ. 1995ರಲ್ಲಿ 51 ಪೆಗಾಸಿ ನಕ್ಷತ್ರದ ಗ್ರಹ ಸಿಕ್ಕಾಗಲೂ ತಿಳಿದದ್ದು ಕನಿಷ್ಠ ರಾಶಿ ಮಾತ್ರ. ಒಂದು ಸೈನ್ ಗೊತ್ತಿಲ್ಲದೆ ಒಂದು ಲೋಕದ ತೂಕವೇ ಪೂರ್ತಿ ಗೊತ್ತಾಗಲಿಲ್ಲ. ಗೌರಿಬಿದನೂರಿನ ರೇಡಿಯೋ ದೂರದರ್ಶಕಗಳಲ್ಲಿ ಬೇರೆಬೇರೆ ಆಂಟೆನಾಗಳಿಗೆ ಬಂದ ಅಲೆಗಳನ್ನು ಜೋಡಿಸಿ ಚಿತ್ರ ಮಾಡೋದೂ ಸೈನ್ ಅಲೆಗಳ ಕೂಡುವಿಕೆಯೇ. ಹಾಗಾಗಿ ಖಗೋಳದಲ್ಲಿ ತ್ರಿಕೋನಮಿತಿ ಒಂದು ಅಧ್ಯಾಯ ಅಲ್ಲ, ಅದು ವ್ಯಾಕರಣ.

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ಈ ತ್ರಿಕೋನಗಳು ಬರೀ ಜ್ಞಾನಕ್ಕಾಗಿ ಹುಟ್ಟಿದವಲ್ಲ. ಅಳೆದ ನೆಲ ಆಳೋಕೆ ಸುಲಭ. ದೊಡ್ಡ ವೀರರಾಜೇಂದ್ರ 1809ರಲ್ಲಿ ತೀರಿಕೊಂಡ. 1834ರಲ್ಲಿ ಅದೇ ಮಿತ್ರ ಕಂಪನಿ ಚಿಕ್ಕ ವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿತು. ತಡಿಯಂಡಮೋಳ್‌ನ ತ್ರಿಕೋನವೇ ಕೊಡಗನ್ನು ಗೆದ್ದಿತು ಅಂತ ನಾನು ಹೇಳ್ತಿಲ್ಲ. ಆದರೆ ನಕ್ಷೆ ಯಾರ ಕೈಯಲ್ಲಿದೆ ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ಜಮೀನಿನ ಸರ್ವೆ ನಂಬರ್ ಜಗಳಕ್ಕೆ ತಹಸೀಲ್ದಾರ್ ಕಚೇರಿ ಸುತ್ತಿದ ಎಲ್ಲರಿಗೂ ಇದು ಗೊತ್ತು.

ಇನ್ನೊಂದು ಅನ್ಯಾಯ ಹೆಸರುಗಳದ್ದು. ಲ್ಯಾಂಬ್ಟನ್ 1823ರ ಜನವರಿಯಲ್ಲಿ ಮಹಾರಾಷ್ಟ್ರದ ಹಿಂಗಣಘಾಟ್‌ನಲ್ಲಿ, ಇನ್ನೂ ಸರ್ವೆ ಮಾಡುತ್ತಿರುವಾಗಲೇ ತೀರಿಕೊಂಡ. ಅವನ ನಂತರ ಬಂದ ಜಾರ್ಜ್ ಎವರೆಸ್ಟ್‌ನ ಹೆಸರು ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಅಂಟಿತು. ಆ ಶಿಖರದ ಎತ್ತರದ ಲೆಕ್ಕದಲ್ಲಿ ಮುಖ್ಯ ಪಾತ್ರ ವಹಿಸಿದ ಬಂಗಾಳಿ ಗಣಿತಜ್ಞ ರಾಧಾನಾಥ ಸಿಕ್ದರ್ ಹೆಸರು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೆಲಸ ಶುರು ಮಾಡಿದ ಲ್ಯಾಂಬ್ಟನ್ ಹೆಸರೂ ಅಷ್ಟೇ. ಇನ್ನು ಬೆಟ್ಟದ ಮೇಲೆ ಮರ ಕಡಿದು ದಾರಿ ಮಾಡಿದವರು, ಯಂತ್ರ ಹೊತ್ತವರು, ಮಳೆ ಮಂಜಿನಲ್ಲಿ ಬಾವುಟ ನೆಟ್ಟು ಕಾದವರು, ಕಾಡುಜ್ವರ ಬಂದು ಸತ್ತವರು? ಅವರು ಯಾವ ಕೋಷ್ಟಕದಲ್ಲೂ ಇಲ್ಲ. ಕೋನಗಳನ್ನು ಸೆಕೆಂಡಿನವರೆಗೆ ಬರೆದಿಟ್ಟ ಪುಸ್ತಕಗಳಲ್ಲಿ ಆ ಕೋನ ಸಾಧ್ಯವಾಗಿಸಿದವರ ಹೆಸರಿಗೆ ಒಂದು ಸಾಲು ಜಾಗ ಸಿಗಲಿಲ್ಲ.

ಹಾಗಾಗಿ ಮುಂದಿನ ಸಲ ನಿಮ್ಮಲ್ಲಿ ಯಾರಾದರೂ ಪುಷ್ಪಗಿರಿಗೋ ತಡಿಯಂಡಮೋಳ್‌ಗೋ ಹೋದರೆ, ಸೆಲ್ಫಿ ತೆಗೆದ ಮೇಲೆ ಐದು ನಿಮಿಷ ಪಶ್ಚಿಮಕ್ಕೆ ನೋಡಿ. ಏಳಿಮಲೆ ಕಂಡರೆ, ನೀವು ನಿಂತಿರೋದು ನಕ್ಷತ್ರಗಳವರೆಗೆ ಹೋಗೋ ಏಣಿಯ ಕೆಳಗಿನ ಮೆಟ್ಟಿಲುಗಳಲ್ಲೊಂದರ ಮೇಲೆ ಅಂತ ತಿಳ್ಕೊಳ್ಳಿ. ಮನೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿದ್ದರೆ ಅವರನ್ನೂ ಕರಕೊಂಡು ಹೋಗಿ. ಸೈನ್ ಥೀಟಾ ಎಲ್ಲಿ ಬಳಸ್ತಾರೆ ಅಂತ ಕೇಳಿದರೆ ಕೈ ತೋರಿಸೋಕೆ ಅದಕ್ಕಿಂತ ಒಳ್ಳೆ ಜಾಗ ಇನ್ನೊಂದಿಲ್ಲ. ಪ್ಲಾಸ್ಟಿಕ್ ಬಾಟಲಿ ಮಾತ್ರ ವಾಪಸ್ ತನ್ನಿ ಮಾರಾಯ್ರೇ.